ಕಾಣದ ಕಿರಣಗಳು: ವಿದ್ಯುತ್ಕಾಂತೀಯ ಅಲೆಗಳು ಮತ್ತು ವಿಕಿರಣದ ಪರಿಚಯ

ಬೆಳಗಿನ ಸೂರ್ಯನ ಬೆಳಕು, ಕೆಂಡದ ಎದುರು ಕುಳಿತಾಗ ಮೈಗೆ ತಾಗುವ ಕಾವು, ಆಕಾಶವಾಣಿಯ ವಾರ್ತೆ, ಮೊಬೈಲ್ ದೂರವಾಣಿಯಲ್ಲಿ ದೂರದ ಊರಿನಿಂದ ಕೇಳಿಬರುವ ತಾಯಿಯ ದನಿ, ಮುರಿದ ಮೂಳೆಯನ್ನು ತೋರಿಸುವ ಎಕ್ಸ್-ರೇ ಚಿತ್ರ - ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳೆಂದು ಮೇಲ್ನೋಟಕ್ಕೆ ತೋರುತ್ತವೆ. ವಾಸ್ತವವಾಗಿ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಇವುಗಳ ಹಿಂದೆ ಕೆಲಸ ಮಾಡುತ್ತಿರುವುದು ವಿದ್ಯುತ್ಕಾಂತೀಯ ಅಲೆಗಳು. ಒಂದು ಸ್ಥಳದಿಂದ ಹೊರಟು ಸುತ್ತಲೂ ಹರಡುವ ಶಕ್ತಿಗೆ ವಿಕಿರಣವೆಂದು ಹೆಸರು.

'ವಿಕಿರಣ' ಎಂಬ ಪದವನ್ನು ಕೇಳಿದೊಡನೆ ಹಲವರ ಮನಸ್ಸಿನಲ್ಲಿ ಭಯ ಮೂಡುತ್ತದೆ. ಈ ಭಯವು ಅನೇಕ ವೇಳೆ ತಪ್ಪು ಸ್ಥಳದಲ್ಲಿ ನೆಲೆಸಿರುತ್ತದೆ. ಮನೆಯ ಬಳಿ ಮೊಬೈಲ್ ಗೋಪುರ ಎದ್ದರೆ ಕಳವಳಗೊಳ್ಳುವವರೇ, ವೈದ್ಯರು ಬೇಡವೆಂದರೂ ಸಿ.ಟಿ. ಪರೀಕ್ಷೆ ಮಾಡಿಸಿಕೊಡಿರೆಂದು ಒತ್ತಾಯಿಸುವುದುಂಟು. ಕ್ಯಾನ್ಸರ್ ರೋಗಿಯ ಪ್ರಾಣವನ್ನು ಉಳಿಸಬಲ್ಲ ವಿಕಿರಣ ಚಿಕಿತ್ಸೆಯನ್ನು ಭಯದಿಂದ ಮುಂದೂಡುವುದುಂಟು. ಗುಜರಿಯಲ್ಲಿ ದೊರೆತ ಭಾರವಾದ ಲೋಹದ ತುಂಡನ್ನು ನಿರ್ಭಯವಾಗಿ ಕತ್ತರಿಸುವುದೂ ಉಂಟು. ಅನಗತ್ಯ ಭಯದಂತೆಯೇ ಅಜ್ಞಾನದ ಧೈರ್ಯವೂ ಹಾನಿಕರ. ಯಾವುದಕ್ಕೆ ಎಷ್ಟು ಎಚ್ಚರಿಕೆ ಸಲ್ಲಬೇಕು ಎಂಬುದನ್ನು ಜನಸಾಮಾನ್ಯರು ತಾವೇ ನಿರ್ಣಯಿಸಿಕೊಳ್ಳಲು ನೆರವಾಗುವುದೇ ಈ ಲೇಖನದ ಉದ್ದೇಶ.

ಅಲೆ ಎಂದರೇನು?

ನಿಶ್ಚಲವಾದ ಕೆರೆಯ ನೀರಿಗೆ ಕಲ್ಲೊಂದನ್ನು ಎಸೆದರೆ ವರ್ತುಲಾಕಾರದ ಅಲೆಗಳು ದಡದ ಕಡೆಗೆ ಸಾಗುತ್ತವೆ. ನೀರಿನ ಮೇಲೆ ತೇಲುತ್ತಿರುವ ಎಲೆ ಮಾತ್ರ ದಡಕ್ಕೆ ಬರುವುದಿಲ್ಲ. ಇದ್ದಲ್ಲಿಯೇ ಮೇಲೆ ಕೆಳಗೆ ಆಡುತ್ತದೆ. ಇದರಿಂದ ತಿಳಿಯುವುದೇನೆಂದರೆ, ಅಲೆಯೊಡನೆ ಸಾಗುವುದು ನೀರಲ್ಲ, ಶಕ್ತಿ.

ವಿದ್ಯುದಾವೇಶವುಳ್ಳ ಕಣದ ಸುತ್ತ ವಿದ್ಯುತ್ ಕ್ಷೇತ್ರವಿರುತ್ತದೆ. ಆ ಕಣವು ಹಿಂದೆ ಮುಂದೆ ಕಂಪಿಸಿದಾಗ ಕ್ಷೇತ್ರವೂ ಬದಲಾಗುತ್ತದೆ. ಬದಲಾಗುವ ವಿದ್ಯುತ್ ಕ್ಷೇತ್ರವು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಬದಲಾಗುವ ಕಾಂತಕ್ಷೇತ್ರವು ಮತ್ತೆ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ. ಹೀಗೆ ಒಂದನ್ನೊಂದು ಪೋಷಿಸುತ್ತ ಮುಂದೆ ಸಾಗುವ ಜೋಡಿಯೇ ವಿದ್ಯುತ್ಕಾಂತೀಯ ಅಲೆ. ನೀರಿನ ಅಲೆಗೆ ನೀರು ಬೇಕು, ಶಬ್ದಕ್ಕೆ ಗಾಳಿಯೋ ಬೇರೊಂದು ವಸ್ತುವೋ ಬೇಕು. ವಿದ್ಯುತ್ಕಾಂತೀಯ ಅಲೆಗೆ ಯಾವ ಮಾಧ್ಯಮವೂ ಬೇಕಿಲ್ಲ. ಆದುದರಿಂದಲೇ ಸೂರ್ಯನ ಬೆಳಕು ಶೂನ್ಯವನ್ನು ದಾಟಿ ಸುಮಾರು 8 ನಿಮಿಷ 20 ಸೆಕೆಂಡುಗಳಲ್ಲಿ ಭೂಮಿಯನ್ನು ತಲುಪುತ್ತದೆ. ಶೂನ್ಯದಲ್ಲಿ ಈ ಎಲ್ಲ ಅಲೆಗಳ ವೇಗವೂ ಒಂದೇ: ಸೆಕೆಂಡಿಗೆ 2,99,792 ಕಿಲೋಮೀಟರ್, ಅಂದರೆ ಸ್ಥೂಲವಾಗಿ 3 ಲಕ್ಷ ಕಿಲೋಮೀಟರ್.

ಅಲೆಯ ಒಂದು ಶಿಖರದಿಂದ ಮುಂದಿನ ಶಿಖರದವರೆಗಿನ ದೂರವನ್ನು ತರಂಗಾಂತರವೆನ್ನುತ್ತಾರೆ. ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳು ಒಂದು ಬಿಂದುವನ್ನು ದಾಟುತ್ತವೆ ಎಂಬುದು ಆವೃತ್ತಿ. ಇದನ್ನು ಹರ್ಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವೇಗ ಒಂದೇ ಆಗಿರುವುದರಿಂದ ತರಂಗಾಂತರ ಕಡಿಮೆಯಾದಷ್ಟೂ ಆವೃತ್ತಿ ಹೆಚ್ಚುತ್ತದೆ. ಆಕಾಶವಾಣಿಯ ಬೆಂಗಳೂರು ಕೇಂದ್ರವು ದಶಕಗಳ ಕಾಲ ಪ್ರಸಾರ ಮಾಡಿದ ಮಧ್ಯಮ ತರಂಗದ ಆವೃತ್ತಿ 612 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವ ತರಂಗಾಂತರ ಸುಮಾರು 490 ಮೀಟರ್. ನಿಲಯದ ಹೆಸರಿನೊಂದಿಗೆ ಮೀಟರುಗಳನ್ನೂ ಕಿಲೋಹರ್ಟ್ಸ್‌ಗಳನ್ನೂ ಹೇಳುವ ರೂಢಿಯ ಅರ್ಥವಿಷ್ಟೆ: ಒಂದೇ ಅಲೆಯನ್ನು ಎರಡು ಬಗೆಯಲ್ಲಿ ಗುರುತಿಸುವುದು.

ಸಿದ್ಧಾಂತದಿಂದ ಪ್ರಯೋಗಕ್ಕೆ

ವಿದ್ಯುತ್ತು, ಕಾಂತತ್ವ ಮತ್ತು ಬೆಳಕು ಇವು ಮೂರೂ ಒಂದೇ ಮೂಲದವು ಎಂಬುದನ್ನು ಗಣಿತದ ಮೂಲಕ ಕಂಡವರು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. 1865ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ಬೆಳಕು ವಿದ್ಯುತ್ಕಾಂತೀಯ ಅಲೆಯೆಂಬ ನಿರ್ಣಯವಿತ್ತು. 1887-88ರಲ್ಲಿ ಜರ್ಮನಿಯ ಹೈನ್‌ರಿಕ್ ಹರ್ಟ್ಸ್ ಅವರು ವಿದ್ಯುತ್ ಕಿಡಿಗಳಿಂದ ಇಂತಹ ಅಲೆಗಳನ್ನು ಉಂಟುಮಾಡಿ, ಪ್ರಯೋಗಾಲಯದ ಮತ್ತೊಂದು ಬದಿಯಲ್ಲಿ ಅವುಗಳನ್ನು ಗುರುತಿಸಿ ತೋರಿಸಿದರು. ಮ್ಯಾಕ್ಸ್‌ವೆಲ್ ಆ ವೇಳೆಗೆ ನಿಧನ ಹೊಂದಿ ಎಂಟು ವರ್ಷಗಳಾಗಿದ್ದವು.

ಭಾರತೀಯರು ಹೆಮ್ಮೆಪಡಬೇಕಾದ ಅಧ್ಯಾಯವೂ ಇದರಲ್ಲಿದೆ. ಆಚಾರ್ಯ ಜಗದೀಶಚಂದ್ರ ಬೋಸ್ ಅವರು 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಸಾರ್ವಜನಿಕ ಪ್ರದರ್ಶನವೊಂದನ್ನು ನಡೆಸಿದರು. ಗೋಡೆಗಳನ್ನು ದಾಟಿಹೋದ ಅಲೆಗಳು ದೂರದಲ್ಲಿದ್ದ ಗಂಟೆಯನ್ನು ಬಾರಿಸಿದವು, ಮದ್ದಿನಪುಡಿಯನ್ನು ಹೊತ್ತಿಸಿದವು. ಅವರು ಬಳಸಿದ ಅಲೆಗಳ ಉದ್ದ ಕೆಲವೇ ಮಿಲಿಮೀಟರುಗಳಿಗೆ ಇಳಿದಿತ್ತು. ಇಂದಿನ ರೇಡಾರ್ ಹಾಗೂ ಹೊಸ ಪೀಳಿಗೆಯ ದೂರಸಂಪರ್ಕಗಳಲ್ಲಿ ಬಳಕೆಯಾಗುತ್ತಿರುವುದು ಇದೇ ಮಿಲಿಮೀಟರ್ ಅಲೆಗಳು.

ಅದೇ 1895ರ ನವೆಂಬರ್ 8ರಂದು ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜನ್ ಅವರು ಕಪ್ಪು ಕಾಗದವನ್ನೂ ತೂರಿಹೋಗುವ ಅಪರಿಚಿತ ಕಿರಣವೊಂದನ್ನು ಕಂಡರು. ಗಣಿತದಲ್ಲಿ ಅಜ್ಞಾತ ಸಂಖ್ಯೆಗೆ ಬಳಸುವ ಅಕ್ಷರವನ್ನೇ ಅದಕ್ಕೆ ಹೆಸರಾಗಿಟ್ಟರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೆ ಸಂದಿತು.

ಏಳು ಮೆಟ್ಟಿಲುಗಳ ರೋಹಿತ

ಕಾಮನಬಿಲ್ಲಿನಲ್ಲಿ ನಾವು ಕಾಣುವ ಬಣ್ಣಗಳು ವಿದ್ಯುತ್ಕಾಂತೀಯ ರೋಹಿತದ ಒಂದು ಕಿರಿದಾದ ಪಟ್ಟಿ ಮಾತ್ರ. ಅದರ ಎರಡೂ ಬದಿಗಳಲ್ಲಿ ಕಣ್ಣಿಗೆ ಕಾಣದ ವಿಶಾಲ ಪ್ರದೇಶಗಳಿವೆ. ತರಂಗಾಂತರ ಕಡಿಮೆಯಾಗುತ್ತ ಹೋಗುವ ಕ್ರಮದಲ್ಲಿ ಅವುಗಳನ್ನು ಏಳು ಮೆಟ್ಟಿಲುಗಳಾಗಿ ವಿಂಗಡಿಸಬಹುದು.

ಮೊದಲನೆಯದು ರೇಡಿಯೊ ಅಲೆಗಳು. ಇವುಗಳ ಉದ್ದ ಕಿಲೋಮೀಟರುಗಳಿಂದ ಮೀಟರಿಗೂ ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಹೊರನಾಡಿನಲ್ಲಿ ನೆಲೆಸಿದ ಹಳೆಯ ತಲೆಮಾರಿನ ಕನ್ನಡಿಗರಿಗೆ ಒಂದು ಅನುಭವವಿದೆ. ಹಗಲಿನಲ್ಲಿ ಬರಿಯ ಗೊರಗೊರ ಸದ್ದು ಮಾಡುತ್ತಿದ್ದ ಪೆಟ್ಟಿಗೆಯಲ್ಲಿ, ಕತ್ತಲಾದ ಬಳಿಕ ದೂರದ ಕನ್ನಡ ನಿಲಯದ ದನಿ ಏಳುತ್ತ ಬೀಳುತ್ತ ಕೇಳಿಬರುತ್ತಿತ್ತು. ಇದಕ್ಕೆ ಕಾರಣ ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳ. ಹಗಲಿನಲ್ಲಿ ಸೂರ್ಯನ ಪ್ರಭಾವದಿಂದ ಅದರ ಕೆಳಪದರವು ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ರಾತ್ರಿ ಆ ಪದರವು ಕರಗಿಹೋಗುವುದರಿಂದ ಅಲೆಗಳು ಮೇಲಿನ ಪದರಗಳನ್ನು ಮುಟ್ಟಿ, ಅಲ್ಲಿಂದ ಹಿಂದಿರುಗಿ ನೂರಾರು ಕಿಲೋಮೀಟರು ದೂರದಲ್ಲಿ ನೆಲಕ್ಕಿಳಿಯುತ್ತವೆ. ಸುಮಾರು 3 ಮೀಟರ್ ಉದ್ದದ ಎಫ್.ಎಂ. ಅಲೆಗಳು ಹೀಗೆ ಹಿಂದಿರುಗುವುದಿಲ್ಲ; ಆದುದರಿಂದ ಎಫ್.ಎಂ. ನಿಲಯವು ತನ್ನ ನಗರದ ಸುತ್ತಮುತ್ತ ಮಾತ್ರ ಕೇಳಿಸುತ್ತದೆ.

ಎರಡನೆಯದು ಸೂಕ್ಷ್ಮತರಂಗ ಅಥವಾ ಮೈಕ್ರೋವೇವ್. ಮೊಬೈಲ್ ದೂರವಾಣಿ, ರೇಡಾರ್, ಉಪಗ್ರಹ ಸಂಪರ್ಕ ಹಾಗೂ ಅಡಿಗೆಮನೆಯ ಮೈಕ್ರೋವೇವ್ ಒಲೆಗಳು ಈ ಗುಂಪಿನ ಅಲೆಗಳನ್ನು ಅಥವಾ ಇದಕ್ಕೆ ನೆರೆಯ ಅಲೆಗಳನ್ನು ಬಳಸುತ್ತವೆ. ಒಲೆಯೊಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಅದು ಆಹಾರದಲ್ಲಿನ ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತದೆಯೇ ಹೊರತು ಆಹಾರವನ್ನು ವಿಕಿರಣಶೀಲಗೊಳಿಸುವುದಿಲ್ಲ. ಒಲೆಯ ಬಾಗಿಲಿನ ಗಾಜಿನಲ್ಲಿ ಸಣ್ಣ ರಂಧ್ರಗಳುಳ್ಳ ಲೋಹದ ಹಾಳೆಯಿರುವುದನ್ನು ಗಮನಿಸಬಹುದು. ಆ ರಂಧ್ರಗಳ ಮೂಲಕ ಬೆಳಕು ಹೊರಬರುತ್ತದೆ. ಅವುಗಳಿಗಿಂತ ಎಷ್ಟೋ ಪಟ್ಟು ಉದ್ದವಾದ ಮೈಕ್ರೋವೇವ್ ಹೊರಬರಲಾರದು. ಪುಣೆಯ ಉತ್ತರಕ್ಕೆ ನಾರಾಯಣಗಾಂವ್ ಸಮೀಪದ ಖೋಡದ್‌ನಲ್ಲಿರುವ ಬೃಹತ್ ಮೀಟರ್‌ತರಂಗ ರೇಡಿಯೊ ದೂರದರ್ಶಕದ ವಿನ್ಯಾಸದಲ್ಲಿಯೂ ಇದೇ ತತ್ವವಿದೆ. ತಲಾ 45 ಮೀಟರ್ ವ್ಯಾಸದ ಅದರ 30 ಬಟ್ಟಲುಗಳು ಗಟ್ಟಿಯಾದ ಲೋಹದ ತಗಡಿನವಲ್ಲ, ತಂತಿಬಲೆಯವು. ಆಕಾಶದಿಂದ ಬರುವ ರೇಡಿಯೊ ಅಲೆಗೆ ಆ ಬಲೆಯೇ ಕನ್ನಡಿ. ಗಾಳಿಗೆ ಮಾತ್ರ ಅದು ತೆರೆದ ಬಾಗಿಲು.

ಮೂರನೆಯದು ಅವಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಅವರು ಬಣ್ಣದ ಪಟ್ಟಿಯ ಕೆಂಪಿನಾಚೆ, ಏನೂ ಕಾಣದ ಸ್ಥಳದಲ್ಲಿ ಉಷ್ಣಮಾಪಕವನ್ನಿಟ್ಟಾಗ ಅದು ಏರಿತು. ಬಿಸಿಯಾದ ಪ್ರತಿಯೊಂದು ವಸ್ತುವೂ, ನಮ್ಮ ಶರೀರವೂ ಸಹ, ಈ ಕಿರಣಗಳನ್ನು ಸೂಸುತ್ತದೆ. 2020ರ ಕೋವಿಡ್ ಸಂದರ್ಭದಲ್ಲಿ ಹಣೆಯ ಮುಂದೆ ಹಿಡಿಯುತ್ತಿದ್ದ ತಾಪಮಾಪಕವು ಮಿದುಳಿಗೆ ಕಿರಣ ಬಿಡುತ್ತದೆಂದು ಹಲವರು ಭಯಪಟ್ಟರು. ಆ ಉಪಕರಣವು ಹಣೆಯಿಂದ ಹೊರಬರುವ ಅವಕೆಂಪು ಕಿರಣವನ್ನು ಗ್ರಹಿಸಿ ತಾಪವನ್ನು ಲೆಕ್ಕಹಾಕುತ್ತದೆ.

ನಾಲ್ಕನೆಯದು ಗೋಚರ ಬೆಳಕು. ಇದರ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಐದನೆಯದು ಅತಿನೇರಳೆ ಕಿರಣ. ಶರೀರದಲ್ಲಿ 'ಡಿ' ಜೀವಸತ್ವ ತಯಾರಾಗಲು ಇದು ಅಲ್ಪ ಪ್ರಮಾಣದಲ್ಲಿ ಬೇಕು. ಮಿತಿಮೀರಿದರೆ ಚರ್ಮಕ್ಕೂ ಕಣ್ಣಿಗೂ ಕೇಡು. ಆರನೆಯದು ಕ್ಷ-ಕಿರಣ. ಏಳನೆಯದು ಪರಮಾಣುವಿನ ಬೀಜಕೇಂದ್ರದಿಂದ ಹೊರಡುವ ಗಾಮಾ ಕಿರಣ.

ಗೆರೆ ಎಲ್ಲಿದೆ?

ಒಂದೇ ಕುಲದ ಈ ಏಳು ಬಗೆಗಳಲ್ಲಿ ಕೆಲವು ನಿರುಪದ್ರವಿಗಳಾಗಿ, ಕೆಲವು ಅಪಾಯಕಾರಿಗಳಾಗಿ ಇರುವುದೇಕೆ? ಇದಕ್ಕೆ ಉತ್ತರ 20ನೆಯ ಶತಮಾನದ ಆರಂಭದಲ್ಲಿ ದೊರೆಯಿತು. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಮತ್ತು 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರು ಮಂಡಿಸಿದ ವಿಚಾರಗಳ ಪ್ರಕಾರ, ಈ ಅಲೆಗಳು ತಮ್ಮ ಶಕ್ತಿಯನ್ನು ಧಾರೆಯಂತೆ ಕೊಡುವುದಿಲ್ಲ. ಪೊಟ್ಟಣಗಳಂತೆ ಬಿಡಿಬಿಡಿಯಾಗಿ ಕೊಡುತ್ತವೆ. ಇಂತಹ ಪೊಟ್ಟಣಕ್ಕೆ ಫೋಟಾನ್ ಎಂದು ಹೆಸರು. ಆವೃತ್ತಿ ಹೆಚ್ಚಿದಂತೆ ಪ್ರತಿಯೊಂದು ಫೋಟಾನಿನ ಶಕ್ತಿಯೂ ಹೆಚ್ಚುತ್ತದೆ.

ಮಾವಿನ ಮರದ ಎತ್ತರದ ಕೊಂಬೆಯಲ್ಲಿ ಕಾಯಿಯೊಂದಿದೆಯೆಂದು ಭಾವಿಸೋಣ. ಅದರತ್ತ ಹತ್ತಿಯ ಉಂಡೆಗಳನ್ನು ಸಾವಿರ ಸಲ ಎಸೆದರೂ ಕಾಯಿ ಬೀಳುವುದಿಲ್ಲ. ಗುರಿಯಿಟ್ಟ ಒಂದು ಕಲ್ಲು ಸಾಕು. ಅಣುವಿನಿಂದ ಇಲೆಕ್ಟ್ರಾನನ್ನು ಕಿತ್ತುಹಾಕುವ ಕ್ರಿಯೆಯೂ ಹೀಗೆಯೇ. ಅದಕ್ಕೆ ಅಯಾನೀಕರಣವೆನ್ನುತ್ತಾರೆ. ಜೀವಕೋಶದ ಅಣುಗಳಲ್ಲಿ ಈ ಕ್ರಿಯೆ ನಡೆಯಲು ಒಂದೊಂದು ಫೋಟಾನಿನಲ್ಲಿಯೂ ಸುಮಾರು 10 ಇಲೆಕ್ಟ್ರಾನ್ ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕು. ಗೋಚರ ಬೆಳಕಿನ ಫೋಟಾನಿನಲ್ಲಿರುವುದು ಸುಮಾರು 2ರಿಂದ 3 ಇಲೆಕ್ಟ್ರಾನ್ ವೋಲ್ಟ್. 900 ಮೆಗಾಹರ್ಟ್ಸ್ ಮೊಬೈಲ್ ಅಲೆಯ ಫೋಟಾನಿನಲ್ಲಿರುವ ಶಕ್ತಿಯಾದರೋ ಅಯಾನೀಕರಣಕ್ಕೆ ಬೇಕಾದುದರ 25 ಲಕ್ಷದಲ್ಲಿ ಒಂದು ಭಾಗವೂ ಇಲ್ಲ. ವೈದ್ಯಕೀಯ ಕ್ಷ-ಕಿರಣದ ಫೋಟಾನಿನಲ್ಲಿ ಹತ್ತಾರು ಸಾವಿರ, ಕೋಬಾಲ್ಟ್-60ರ ಗಾಮಾ ಫೋಟಾನಿನಲ್ಲಿ 10 ಲಕ್ಷಕ್ಕೂ ಮಿಕ್ಕ ಇಲೆಕ್ಟ್ರಾನ್ ವೋಲ್ಟ್ ಇರುತ್ತದೆ.

ಆದುದರಿಂದ ರೇಡಿಯೊ ಅಲೆಯಿಂದ ಗೋಚರ ಬೆಳಕಿನವರೆಗಿನವು ಅಯಾನೀಕರಿಸದ ವಿಕಿರಣಗಳು. ಕ್ಷ-ಕಿರಣ ಮತ್ತು ಗಾಮಾ ಕಿರಣಗಳು ಅಯಾನೀಕರಿಸುವ ವಿಕಿರಣಗಳು. ಅತಿನೇರಳೆಯು ಗಡಿಯ ಮೇಲಿದೆ. ನೆಲವನ್ನು ತಲುಪುವ ಅತಿನೇರಳೆ ಕಿರಣಗಳು ಅಯಾನೀಕರಿಸದಿದ್ದರೂ ಕೋಶದ ಡಿ.ಎನ್.ಎ.ಗೆ ಹಾನಿ ಮಾಡಬಲ್ಲವು. ವಿಕಿರಣಶೀಲ ವಸ್ತುಗಳಿಂದ ಹೊರಡುವ ಆಲ್ಫಾ, ಬೀಟಾ ಕಿರಣಗಳು ವಿದ್ಯುತ್ಕಾಂತೀಯ ಅಲೆಗಳಲ್ಲ, ವೇಗವಾಗಿ ಚಲಿಸುವ ಕಣಗಳು. ಆದರೂ ಅವು ಅಯಾನೀಕರಿಸುವುದರಿಂದ ಅಪಾಯದ ದೃಷ್ಟಿಯಿಂದ ಎರಡನೆಯ ಗುಂಪಿಗೆ ಸೇರುತ್ತವೆ.

ಮೊಬೈಲ್ ಗೋಪುರಗಳ ಬಗ್ಗೆ

ಅಯಾನೀಕರಿಸದ ವಿಕಿರಣವೆಂದ ಮಾತ್ರಕ್ಕೆ ಅದರಿಂದ ಯಾವ ಪರಿಣಾಮವೂ ಇಲ್ಲವೆಂದು ಹೇಳಲಾಗದು. ತೀವ್ರತೆ ಹೆಚ್ಚಾದರೆ ಅದು ಬಿಸಿ ಮಾಡುತ್ತದೆ. ಮಿತಿಗಳನ್ನು ವಿಧಿಸಿರುವುದು ಇದೇ ಕಾರಣಕ್ಕಾಗಿ. ದೂರವಾಣಿ ಉಪಕರಣದಿಂದ ಶರೀರವು ಹೀರುವ ಶಕ್ತಿಯ ದರವನ್ನು ಎಸ್.ಎ.ಆರ್. ಎಂಬ ಸಂಖ್ಯೆ ಸೂಚಿಸುತ್ತದೆ. ಭಾರತದಲ್ಲಿ 2012ರಲ್ಲಿ ಇದಕ್ಕೆ ಕಿಲೋಗ್ರಾಮಿಗೆ 1.6 ವಾಟ್ ಎಂಬ ಗರಿಷ್ಠ ಮಿತಿಯನ್ನು ನಿಗದಿ ಮಾಡಲಾಯಿತು. ಉಪಕರಣದಲ್ಲಿ *#07# ಎಂದು ಒತ್ತಿದರೆ ಬಹುಪಾಲು ಮಾದರಿಗಳಲ್ಲಿ ಈ ಸಂಖ್ಯೆ ಕಾಣಿಸುತ್ತದೆ. ಗೋಪುರಗಳಿಗೆ ಸಂಬಂಧಿಸಿದ ಮಿತಿಯನ್ನು 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು.

ಗೋಪುರದ ಆಂಟೆನಾ ತನ್ನ ಅಲೆಗಳನ್ನು ಬಹುತೇಕ ಅಡ್ಡಲಾಗಿ ದೂರಕ್ಕೆ ಚೆಲ್ಲುತ್ತದೆ, ನೇರ ಕೆಳಗಿನ ಮನೆಗೆ ಅಲ್ಲ. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಸಾಮಾನ್ಯವಾಗಿ ದೂರದ ಗೋಪುರಕ್ಕಿಂತ ಕಿವಿಗೊತ್ತಿದ ದೂರವಾಣಿಯಿಂದಲೇ ಶರೀರವು ಹೆಚ್ಚು ಅಲೆಗಳನ್ನು ಹೀರುತ್ತದೆ. ಸಂಕೇತ ದುರ್ಬಲವಾಗಿರುವೆಡೆ ಉಪಕರಣವು ಗೋಪುರವನ್ನು ತಲುಪಲು ಹೆಚ್ಚಿನ ಬಲದಿಂದ ಪ್ರಸಾರ ಮಾಡಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೊ ಆವೃತ್ತಿಯ ಅಲೆಗಳನ್ನು 'ಕ್ಯಾನ್ಸರ್ ತರುವ ಸಾಧ್ಯತೆಯನ್ನು ತಳ್ಳಿಹಾಕಲಾಗದ' ಗುಂಪಿಗೆ ಸೇರಿಸಿತು. ಸಾಕ್ಷ್ಯವು ಸೀಮಿತವೆಂದು ಆ ವರ್ಗೀಕರಣವೇ ತಿಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ವಿಸ್ತೃತ ವಿಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ದೀರ್ಘ ಸಂಭಾಷಣೆಗೆ ಇಯರ್‌ಫೋನ್ ಬಳಸುವುದು ಸುಲಭವಾದ ಮುನ್ನೆಚ್ಚರಿಕೆ. ಅದಕ್ಕಿಂತ ಹೆಚ್ಚಿನ ಆತಂಕಕ್ಕೆ ಆಧಾರವಿಲ್ಲ.

ಶರೀರ ಮತ್ತು ವಿಕಿರಣದ ಪ್ರಮಾಣ

ಅಯಾನೀಕರಿಸುವ ವಿಕಿರಣವು ಜೀವಕೋಶದ ಡಿ.ಎನ್.ಎ. ಎಳೆಗಳನ್ನು ತುಂಡರಿಸಬಲ್ಲದು. ಹೆಚ್ಚಿನ ಗಾಯಗಳನ್ನು ಕೋಶವು ತಾನೇ ಸರಿಪಡಿಸಿಕೊಳ್ಳುತ್ತದೆ. ಗಾಯಗಳು ಮಿತಿಮೀರಿದರೆ ಕೋಶ ಸಾಯುತ್ತದೆ. ತಪ್ಪಾಗಿ ಸರಿಪಡಿಸಿಕೊಂಡರೆ ವರ್ಷಗಳ ನಂತರ ಕ್ಯಾನ್ಸರ್ ತಲೆದೋರಬಹುದು. ಇದು ತಿಳಿಯದಿದ್ದ ಆರಂಭದ ದಿನಗಳಲ್ಲಿ ಹಲವರು ಬಲಿಯಾದರು. ಎಡಿಸನ್ ಅವರ ಸಹಾಯಕರಾಗಿ ಕ್ಷ-ಕಿರಣಗಳೊಡನೆ ಕೆಲಸ ಮಾಡಿದ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಮೃತರಾದರು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ 1934ರಲ್ಲಿ ರಕ್ತೋತ್ಪತ್ತಿಯೇ ಕುಂದುವ ಕಾಯಿಲೆಯಿಂದ ತೀರಿಕೊಂಡರು.

ಶರೀರದ ಮೇಲಿನ ಪರಿಣಾಮವನ್ನು ಅಳೆಯುವ ಮಾನ ಸೀವರ್ಟ್. ಅದರ ಸಾವಿರದ ಒಂದು ಭಾಗ ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿಯಲ್ಲಿನ ರೇಡಾನ್ ಅನಿಲ, ಬಾಹ್ಯಾಕಾಶದ ಕಿರಣಗಳು ಹಾಗೂ ನಮ್ಮ ಶರೀರದೊಳಗಿನ ಪೊಟಾಸಿಯಂ - ಈ ಎಲ್ಲ ಮೂಲಗಳಿಂದ ಭೂಮಿಯ ಮೇಲಿನ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ನಿಸರ್ಗದಿಂದಲೇ ಸಲ್ಲುತ್ತದೆ. ಥೋರಿಯಂ ಮಿಶ್ರಿತ ಮರಳಿರುವ ಕೇರಳದ ಕರುನಾಗಪ್ಪಳ್ಳಿ ಕರಾವಳಿಯಲ್ಲಿ ಇದು ಹಲವು ಪಟ್ಟು ಹೆಚ್ಚು. ಎದೆಯ ಒಂದು ಎಕ್ಸ್-ರೇ ಪರೀಕ್ಷೆಯಿಂದ ಮಿಲಿಸೀವರ್ಟಿನ ಹತ್ತನೆಯ ಒಂದು ಭಾಗ ಅಥವಾ ಇನ್ನೂ ಕಡಿಮೆ, ಹೊಟ್ಟೆಯ ಸಿ.ಟಿ. ಪರೀಕ್ಷೆಯಿಂದ ಸಾಮಾನ್ಯವಾಗಿ 5ರಿಂದ 10 ಮಿಲಿಸೀವರ್ಟ್ ತಗಲುತ್ತದೆ. ಅಲ್ಪಕಾಲದಲ್ಲಿ ಇಡೀ ಶರೀರಕ್ಕೆ ಸುಮಾರು 4 ಸೀವರ್ಟ್, ಅಂದರೆ 4,000 ಮಿಲಿಸೀವರ್ಟ್ ತಗುಲಿ ಚಿಕಿತ್ಸೆ ದೊರೆಯದಿದ್ದರೆ ಅರ್ಧದಷ್ಟು ಜನ ಬದುಕುಳಿಯಲಾರರು.

ಈ ಸಂಖ್ಯೆಗಳನ್ನು ಹೋಲಿಸಿ ನೋಡಿದರೆ ವಿವೇಕದ ದಾರಿ ಸ್ಪಷ್ಟವಾಗುತ್ತದೆ. ವೈದ್ಯರು ಅಗತ್ಯವೆಂದಾಗ ಎಕ್ಸ್-ರೇ ಅಥವಾ ಸಿ.ಟಿ. ಪರೀಕ್ಷೆಗೆ ಹಿಂಜರಿಯಬಾರದು, ಕಾರಣವಿಲ್ಲದೆ, ಕೇವಲ ಮನಸ್ಸಿನ ಸಮಾಧಾನಕ್ಕಾಗಿ ಮಾಡಿಸಿಕೊಳ್ಳಲೂಬಾರದು. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್ ಪರೀಕ್ಷೆಗಳಲ್ಲಿ ಅಯಾನೀಕರಿಸುವ ವಿಕಿರಣವೇ ಇಲ್ಲ.

ಮಾಯಾಪುರಿಯ ಪಾಠ

2010ರ ಏಪ್ರಿಲ್ ತಿಂಗಳಿನಲ್ಲಿ ಪಶ್ಚಿಮ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಕೆಲವರು ಕಾರಣ ತಿಳಿಯದ ಕಾಯಿಲೆಯಿಂದ ಆಸ್ಪತ್ರೆಗೆ ಸೇರಿದರು. ಚರ್ಮ ಕಪ್ಪಾಗಿ ಸುಟ್ಟಂತಿತ್ತು, ಕೂದಲು ಉದುರುತ್ತಿತ್ತು, ರಕ್ತಕಣಗಳ ಸಂಖ್ಯೆ ಕುಸಿಯುತ್ತಿತ್ತು. ವೈದ್ಯರಿಗೆ ವಿಕಿರಣದ ಸಂದೇಹ ಬಂದಿತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮತ್ತು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತಜ್ಞರು ಸ್ಥಳಕ್ಕೆ ಧಾವಿಸಿ ಶೋಧಿಸಿದಾಗ ಕೋಬಾಲ್ಟ್-60ರ ತುಣುಕುಗಳು ಪತ್ತೆಯಾದವು.

ಸಂಶೋಧನೆಗಾಗಿ ಸುಮಾರು ನಾಲ್ಕು ದಶಕಗಳ ಹಿಂದೆ ತರಿಸಿಕೊಂಡಿದ್ದ ಗಾಮಾ ಉಪಕರಣವೊಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಹುಕಾಲದಿಂದ ಬಳಕೆಯಿಲ್ಲದೆ ಬಿದ್ದಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಅದನ್ನು ಹಳೆಯ ಸಾಮಾನುಗಳೊಡನೆ ಹರಾಜು ಹಾಕಲಾಗಿತ್ತು. ಸೀಸದ ಕವಚಕ್ಕೆ ಬೆಲೆ ಬರುವುದೆಂದು ಕಾರ್ಮಿಕರು ಅದನ್ನು ಒಡೆದರು. ಒಳಗಿದ್ದ ಹೊಳೆಯುವ ಲೋಹವು ಕೈಯಿಂದ ಕೈಗೆ ಹೋಯಿತು. ಒಬ್ಬರು ಅದರ ತುಣುಕನ್ನು ತಮ್ಮ ಹಣದ ಚೀಲದಲ್ಲಿ ಇಟ್ಟುಕೊಂಡಿದ್ದರು. ಒಬ್ಬ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇನ್ನು ಕೆಲವರು ದೀರ್ಘಕಾಲ ನರಳಿದರು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ವಿಕಿರಣಶೀಲ ವಸ್ತುವಿನ ಚಟುವಟಿಕೆ ಅರ್ಧದಷ್ಟಾಗಲು ಬೇಕಾಗುವ ಕಾಲಕ್ಕೆ ಅರ್ಧಾಯು ಎಂದು ಹೆಸರು. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ನಲವತ್ತು ವರ್ಷಗಳಲ್ಲಿ ಅದರ ಬಲ ಸುಮಾರು ಇನ್ನೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಅಷ್ಟು ಇಳಿದ ಮೇಲೂ ಅದು ಕೊಲ್ಲಬಲ್ಲದಾಗಿತ್ತು. 'ಹಳೆಯದು, ಕೆಟ್ಟುಹೋದದ್ದು' ಎಂಬ ಮಾತು ಯಂತ್ರಕ್ಕೆ ಅನ್ವಯಿಸಬಹುದು, ಅದರೊಳಗಿನ ವಿಕಿರಣಕ್ಕೆ ಅನ್ವಯಿಸದು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾ ನಗರದಲ್ಲಿಯೂ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವೊಂದು ಗುಜರಿ ಸೇರಿತು. ಅದರೊಳಗಿನ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುವುದನ್ನು ಕಂಡು ಬೆರಗಾದ ಜನ ಅದನ್ನು ಬಂಧುಗಳಿಗೆ ಹಂಚಿದರು. ನಾಲ್ವರು ಮೃತಪಟ್ಟರು; ಅವರಲ್ಲಿ ಒಬ್ಬಳು ಆರು ವರ್ಷದ ಬಾಲಕಿ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಟ್ಟಿದಾಗ ನೋವೂ ಇಲ್ಲ. ಆದುದರಿಂದ ಎಚ್ಚರಿಕೆಯ ಚಿಹ್ನೆಯನ್ನು ಗುರುತಿಸುವುದೇ ಮೊದಲ ರಕ್ಷಣೆ.

ಪ್ರಾಣ ಉಳಿಸುವ ಕಿರಣ

ಕೊಲ್ಲಬಲ್ಲ ಅದೇ ಕೋಬಾಲ್ಟ್-60 ಆಸ್ಪತ್ರೆಗಳಲ್ಲಿ ಜೀವ ಉಳಿಸುತ್ತದೆ. ವೇಗವಾಗಿ ವಿಭಜನೆಗೊಳ್ಳುವ ಕ್ಯಾನ್ಸರ್ ಕೋಶಗಳು ವಿಕಿರಣದ ಗಾಯವನ್ನು ಸರಿಪಡಿಸಿಕೊಳ್ಳುವುದರಲ್ಲಿ ಆರೋಗ್ಯವಂತ ಕೋಶಗಳಿಗಿಂತ ದುರ್ಬಲ. ಹಲವು ದಿಕ್ಕುಗಳಿಂದ, ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಿರಣವನ್ನು ಗೆಡ್ಡೆಯತ್ತ ಕೇಂದ್ರೀಕರಿಸಿದರೆ ಗೆಡ್ಡೆ ನಾಶವಾಗುತ್ತದೆ, ಸುತ್ತಲಿನ ಅಂಗಗಳು ಚೇತರಿಸಿಕೊಳ್ಳುತ್ತವೆ. ಇದಕ್ಕಾಗಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 'ಭಾಭಾಟ್ರಾನ್' ಎಂಬ ದೇಶೀಯ ಯಂತ್ರವನ್ನು ರೂಪಿಸಿದೆ.

ಈ ಚಿಕಿತ್ಸೆಯನ್ನು ಜನರು ಆಡುಮಾತಿನಲ್ಲಿ 'ಕರೆಂಟು ಕೊಡುವುದು' ಎನ್ನುತ್ತಾರೆ. ಇದರಲ್ಲಿ ವಿದ್ಯುತ್ ಆಘಾತವಿಲ್ಲ. ಕಿರಣ ಹಾಯುವಾಗ ನೋವೂ ಇರುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹೊರಗಿನ ಯಂತ್ರದಿಂದ ಚಿಕಿತ್ಸೆ ಪಡೆದ ರೋಗಿಯ ಶರೀರದಲ್ಲಿ ವಿಕಿರಣ ಉಳಿದಿರುವುದಿಲ್ಲ. ದೀಪ ಆರಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಿರುವಂತೆಯೇ ಇದು. ಇಂತಹ ರೋಗಿಗೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಹಾಸಿಗೆ ಕೊಡುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ಅವಶ್ಯವೂ ಅಲ್ಲ, ಮಾನವೀಯವೂ ಅಲ್ಲ. ವಿಕಿರಣಶೀಲ ಅಯೊಡಿನ್‌ನಂತಹ ಔಷಧವನ್ನು ಶರೀರದೊಳಕ್ಕೆ ಕೊಟ್ಟಾಗ ಮಾತ್ರ ಕೆಲವು ದಿನ ಅಂತರ ಕಾಯ್ದುಕೊಳ್ಳಬೇಕಾಗುತ್ತದೆ. ಅದನ್ನು ವೈದ್ಯರೇ ತಿಳಿಸುತ್ತಾರೆ.

ಕೃಷಿಯಲ್ಲಿಯೂ ಈ ಕಿರಣಗಳ ಉಪಯೋಗವಿದೆ. ನವಿ ಮುಂಬಯಿಯ ವಾಶಿಯಲ್ಲಿ ಮಸಾಲೆ ಪದಾರ್ಥಗಳನ್ನೂ, ನಾಸಿಕ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ, ಮಾವುಗಳನ್ನೂ ಗಾಮಾ ಕಿರಣಗಳಿಂದ ಸಂಸ್ಕರಿಸುವ ಘಟಕಗಳು ಸ್ಥಾಪನೆಯಾದವು. ಹೀಗೆ ಸಂಸ್ಕರಿಸಿದ ಭಾರತೀಯ ಮಾವು 2007ರಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿತು. ಕಿರಣಗಳು ಕೀಟ, ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ, ಈರುಳ್ಳಿ ಮೊಳೆಯುವುದನ್ನು ತಡೆಯುತ್ತವೆ. ಆಹಾರವು ವಿಕಿರಣಶೀಲವಾಗುವುದಿಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ವಿಕಿರಣದಿಂದ ರಕ್ಷಣೆಗೆ ಮೂರು ಸೂತ್ರಗಳಿವೆ: ಸಮಯವನ್ನು ಕಡಿಮೆ ಮಾಡುವುದು, ದೂರವನ್ನು ಹೆಚ್ಚಿಸುವುದು, ನಡುವೆ ತಡೆಯನ್ನು ಇರಿಸುವುದು. ಇವುಗಳ ಆಧಾರದ ಮೇಲೆ ಕೆಳಗಿನ ಸೂಚನೆಗಳನ್ನು ಪಾಲಿಸುವುದು ಒಳ್ಳೆಯದು.

1. ಎಕ್ಸ್-ರೇ ಕೋಣೆಯಲ್ಲಿ ರೋಗಿಯಲ್ಲದವರು ನಿಲ್ಲಬಾರದು. ಮಗುವನ್ನು ಹಿಡಿದುಕೊಳ್ಳಬೇಕಾದ ಪ್ರಸಂಗ ಬಂದರೆ ಸೀಸದ ಮೇಲಂಗಿಯನ್ನು ಕೇಳಿ ಪಡೆಯಬೇಕು.

2. ಗರ್ಭಿಣಿಯರು, ಗರ್ಭ ನಿಂತಿರಬಹುದೆಂಬ ಸಂದೇಹವುಳ್ಳವರು, ಪರೀಕ್ಷೆಗೆ ಮೊದಲೇ ವೈದ್ಯರಿಗೂ ತಂತ್ರಜ್ಞರಿಗೂ ತಿಳಿಸಬೇಕು.

3. ಹಳೆಯ ಎಕ್ಸ್-ರೇ, ಸಿ.ಟಿ. ಚಿತ್ರಗಳನ್ನೂ ವರದಿಗಳನ್ನೂ ಜೋಪಾನವಾಗಿಟ್ಟು ಹೊಸ ವೈದ್ಯರಿಗೆ ತೋರಿಸಬೇಕು. ಅನಾವಶ್ಯಕ ಪುನರಾವರ್ತನೆ ಇದರಿಂದ ತಪ್ಪುತ್ತದೆ.

4. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳುಗಳ ಚಿಹ್ನೆ ವಿಕಿರಣದ ಸಂಕೇತ. 2007ರಲ್ಲಿ ಜಾರಿಗೆ ಬಂದ ಕೆಂಪು ತ್ರಿಕೋನದ ಚಿಹ್ನೆಯಲ್ಲಿ ಅಲೆಗಳು, ತಲೆಬುರುಡೆ ಮತ್ತು ಓಡುತ್ತಿರುವ ಮನುಷ್ಯನ ಆಕೃತಿಯಿದೆ. ಅಕ್ಷರ ಬಾರದವರಿಗೂ ಇವುಗಳ ಅರ್ಥವನ್ನು ತಿಳಿಸಿಕೊಡಬೇಕು.

5. ಇಂತಹ ಚಿಹ್ನೆಯುಳ್ಳ, ಅಥವಾ ಗಾತ್ರಕ್ಕೆ ಮೀರಿ ಭಾರವಾದ, ಆಸ್ಪತ್ರೆ ಇಲ್ಲವೆ ಪ್ರಯೋಗಾಲಯದಿಂದ ಬಂದ ಲೋಹದ ವಸ್ತು ಕಂಡರೆ ಅದನ್ನು ಮುಟ್ಟಬಾರದು, ಒಡೆಯಬಾರದು. ಇತರರನ್ನೂ ದೂರವಿರಿಸಿ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬೇಕು.

6. ವಿಕಿರಣ ಮೂಲಗಳನ್ನು ಹೊಂದಿರುವ ಸಂಸ್ಥೆಗಳು 1983ರಲ್ಲಿ ರಚಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ.

7. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಅದರಲ್ಲಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ.

ಸೃಷ್ಟಿಯ ಆರಂಭದಿಂದಲೂ ಜೀವರಾಶಿಯು ವಿಕಿರಣದ ನಡುವೆಯೇ ಬಾಳಿಬಂದಿದೆ. ಬೆಳಕಿಲ್ಲದೆ ಬದುಕಿಲ್ಲ, ಬೆಳಕಿನ ಒಡಹುಟ್ಟುಗಳಲ್ಲಿ ಕೆಲವು ಸುಡುತ್ತವೆ, ಕೆಲವು ಸಲಹುತ್ತವೆ. ಅವುಗಳನ್ನು ಹೆಸರು ಹಿಡಿದು ಗುರುತಿಸಬಲ್ಲ ಮನೆಯಲ್ಲಿ ಮೊಬೈಲ್ ಗೋಪುರದ ಭಯಕ್ಕೆ ನಿದ್ರೆಗೆಡುವ ಪ್ರಸಂಗ ಬರುವುದಿಲ್ಲ, ಚಿಕಿತ್ಸೆ ಪಡೆದ ಅಜ್ಜಿಯನ್ನು ಮೂಲೆಗೆ ಕೂರಿಸುವ ಪ್ರಸಂಗವೂ ಬರುವುದಿಲ್ಲ. ಗುಜರಿ ಅಂಗಡಿಯಲ್ಲಿ ದುಡಿಯುವ ನೆರೆಯವನಿಗೆ ಮೂರೆಸಳಿನ ಚಿಹ್ನೆಯ ಅರ್ಥವನ್ನು ಇಂದೇ ಹೇಳಿಕೊಟ್ಟರೆ, ಈ ಲೇಖನವನ್ನು ಓದಿದ ಶ್ರಮ ಸಾರ್ಥಕವಾದಂತೆ.